ಸೋಪ್ ಫ್ಯಾಕ್ಟರಿಯಲ್ಲಿ ಬಚ್ಚಲಿಲ್ಲ

ನಗಬೇಡಿ, ನಿಜ ಹೇಳುತ್ತಿದ್ದೇನೆ. ಊರಿಗೆಲ್ಲ ಸ್ನಾನ ಮಾಡಿಸುವ ನಮ್ಮ ಸೋಪ್ ಫ್ಯಾಕ್ಟರಿಯಲ್ಲಿ ಸ್ನಾನ ಮಾಡಲು ಒಂದು ಬಚ್ಚಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಅಷ್ಟು ದೊಡ್ಡ ಕಟ್ಟಡ, ಬಾಯ್ಲರು, ಕಡಾಯಿ, ಅಚ್ಚು ಹಾಕುವ ಯಂತ್ರ, ದಿನ ಬೆಳಗಾದರೆ ಲಾರಿಗಟ್ಟಲೆ ಸೋಪು. ಆದರೆ ಸೈಕಲ್ ತುಳಿದು ತೊಯ್ದು ತೊಪ್ಪೆಯಾಗಿ ಬಂದವಳು ಒಂದು ಚೊಂಬು ನೀರು ಸುರಿದುಕೊಳ್ಳೋಣ ಅಂದರೆ, ಹಿಂದುಗಡೆ ಕೈ ತೊಳೆಯುವ ಬೇಸಿನ್ನು, ಮೂಲೆ ಒಡೆದ ಕನ್ನಡಿ, ಅಷ್ಟೇ. ಒಂದು ಸಲ ಮ್ಯಾನೇಜರನ್ನು ಕೇಳಿದೆ. "ಯಾಕಮ್ಮಾ, ಮನೇಲಿ ಸ್ನಾನ ಮಾಡ್ಕೊಂಡು ಬರಲ್ವಾ?" ಅಂತ ನನ್ನನ್ನೇ ಕೇಳಿದರು. ಮೈಯೆಲ್ಲ ಉರಿದುಹೋಯಿತು. ಮತ್ತೆ ಕೇಳಲಿಲ್ಲ.

ನನ್ನ ಕೆಲಸ ಮೂಸುವುದು. ನಗಬೇಡಿ ಅಂತ ಆಗಲೇ ಹೇಳಿದೆನಲ್ಲ. ಮೇಲಂತಸ್ತಿನಲ್ಲಿ ಮೂಸುವ ಕೋಣೆ ಅಂತಲೇ ಒಂದಿದೆ. ಹಳೆಯ ಗುಲಾಬಿಗೂ ಹೊಸದಾಗಿ ಬಂದ ಗುಲಾಬಿಗೂ ವ್ಯತ್ಯಾಸ ಇದೆಯೇ, ನಿಂಬೆ ಜಾಸ್ತಿಯಾಯಿತೇ, ಗಂಧದ ಹಿಂದೆ ಸುಟ್ಟ ವಾಸನೆ ಏನಾದರೂ ಅಡಗಿದೆಯೇ ಅಂತ ಬಿಳಿ ಕಾಗದದ ಪಟ್ಟಿಗಳನ್ನು ಅದ್ದಿ, ಮೂಗಿನ ಕೆಳಗೆ ಆಡಿಸಿ ಹೇಳಬೇಕು. ಅಲ್ಲಿ ಕೂರುವವರಿಗೆ ಒಂದೇ ನಿಯಮ. ಮೈಯಲ್ಲಿ ಯಾವ ವಾಸನೆಯೂ ಇರಕೂಡದು. ಪೌಡರಿಲ್ಲ, ತಲೆಗೆ ಎಣ್ಣೆಯಿಲ್ಲ, ಹಿಂದಿನ ದಿನ ಬೆಳ್ಳುಳ್ಳಿ ತಿನ್ನುವ ಹಾಗಿಲ್ಲ. ಬೆವರಂತೂ ಕೇಳಲೇ ಬೇಡಿ. ಕೋಣೆಯ ಯಜಮಾನರು ಬಾಗಿಲಲ್ಲಿ ನಿಂತು ಒಳಗೆ ಬರುವ ಒಬ್ಬೊಬ್ಬರನ್ನೂ ಮೂಸಿಯೇ ಬಿಡುವುದು. ಅವರಿಗೆ ನಾವು ಮೂಗುದೊರೆ ಅಂತ ಹೆಸರಿಟ್ಟಿದ್ದೇವೆ, ಎದುರಿಗಲ್ಲ.

ಮೂಸಿ ಮೂಸಿ ಮೂಗು ಮಂಕಾದಾಗ ನಾವೆಲ್ಲ ಒಂದು ಕೆಲಸ ಮಾಡುತ್ತೇವೆ. ತೋಳು ಮಡಿಸಿ, ಮೊಣಕೈಯ ಒಳಮಡಿಕೆಗೆ ಮೂಗು ಒತ್ತಿ ಉಸಿರೆಳೆದುಕೊಳ್ಳುತ್ತೇವೆ. ಅಲ್ಲಿರುವುದು ನಮ್ಮದೇ ವಾಸನೆ. ನಮ್ಮ ವಾಸನೆ ನಮಗೆ ಗೊತ್ತೇ ಆಗುವುದಿಲ್ಲವಲ್ಲ, ಹಾಗಾಗಿ ಮೂಗು ಸೊನ್ನೆಗೆ ಬಂದು ನಿಲ್ಲುತ್ತದೆ. ಮತ್ತೆ ಮುಂದಿನ ಪಟ್ಟಿ. ಹೊರಗಿನವರು ಯಾರಾದರೂ ಇಣುಕಿದರೆ, ಒಂದು ಕೋಣೆ ಜನ ತಂತಮ್ಮ ತೋಳಿನಲ್ಲಿ ಮುಖ ಹುದುಗಿಸಿ ಅಳುತ್ತಾ ಕೂತಿದ್ದಾರೆ ಅಂದುಕೊಳ್ಳಬೇಕು.

ಬಸ್ಸಿನಲ್ಲಿ ಹೋಗಬಾರದೇ ಅಂತ ಚಿಕ್ಕಮ್ಮ ಹೇಳುತ್ತಲೇ ಇರುತ್ತಾಳೆ. ಚಿಕ್ಕಮ್ಮ ಅಂದರೆ ಅಮ್ಮನ ತಂಗಿ, ನಮ್ಮ ಜೊತೆಗೇ ಇದ್ದಾಳೆ, ಹಗಲು ಅಮ್ಮನನ್ನು ನೋಡಿಕೊಳ್ಳುವವಳು ಅವಳೇ. ಬಸ್ಸು ಹತ್ತಿದರೆ ಒಬ್ಬರ ಸಿಗರೇಟು, ಒಬ್ಬರ ಮೀನಿನ ಚೀಲ, ಇನ್ನೊಬ್ಬರ ಸೆಂಟು, ಎಲ್ಲ ಸೇರಿ ನನ್ನ ಬಟ್ಟೆಗೆ ಅಂಟಿಕೊಂಡು ಕೂರುತ್ತವೆ. ಬೆವರಾದರೆ ನನ್ನ ಸ್ವಂತದ್ದು. ಒರೆಸಿಕೊಂಡರೆ ಹೋಯಿತು.

ಅದೂ ಅಲ್ಲದೆ ಆ ಏರು ರಸ್ತೆ ನನಗಿಷ್ಟ. ಮಂಜು ಇನ್ನೂ ರಸ್ತೆಯ ಮೇಲೆ ಮಲಗಿರುವಾಗಲೇ ಸೇತುವೆ ದಾಟುತ್ತೇನೆ. ಮೊದಲ ತಿರುವಿನಲ್ಲಿ ಗಾಳಿ ಬರೀ ಗಾಳಿ. ಎರಡನೆಯ ತಿರುವಿಗೆ ಬಂದರೆ ಫ್ಯಾಕ್ಟರಿಯ ವಾಸನೆ ಗುಡ್ಡ ಇಳಿದು ನನ್ನ ಎದುರಿಗೆ ಬರುತ್ತದೆ. ಇವತ್ತು ನಿಂಬೆ ಬೆರೆಸುತ್ತಿದ್ದಾರೋ, ಮಲ್ಲಿಗೆಯೋ, ಮಕ್ಕಳ ಸೋಪಿನ ಹಾಲುವಾಸನೆಯೋ ಅಲ್ಲೇ ಹೇಳಬಲ್ಲೆ. ಏದುಸಿರು ಬಿಡುತ್ತಾ ಅದನ್ನೇ ಕುಡಿಯುತ್ತಾ ತುಳಿಯುತ್ತಿದ್ದರೆ ಕಣ್ಣು ತಾನಾಗಿ ಅರ್ಧ ಮುಚ್ಚುತ್ತದೆ. ನಾನು ಮೇಲೆ ಹೋಗುತ್ತಿದ್ದೇನೋ, ಗುಡ್ಡವೇ ಮೆಲ್ಲಗೆ ಕೆಳಕ್ಕೆ ಸರಿಯುತ್ತಿದೆಯೋ ತಿಳಿಯದು. ಬೆವರು ಕಿವಿಯ ಹಿಂದಿನಿಂದ ಹೊರಟು, ಕತ್ತು ಇಳಿದು, ಬೆನ್ನಿನ ಗೀರು ಹಿಡಿದು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಮೇಲೆ ತಲುಪುವ ಹೊತ್ತಿಗೆ ನಾನು ಹಿಂಡಿದರೆ ನೀರು ಸುರಿಯುವ ಬಟ್ಟೆ.

ಇನ್ನು ಬೇಸಿನ್ನಿನ ಕೋಣೆ. ಬಂದ ಕೂಡಲೇ ತೊಳೆದುಕೊಳ್ಳುವ ಅವಸರ ಮಾಡಬಾರದು. ಬೆವರುತ್ತಿರುವಾಗಲೇ ಒರೆಸಿಕೊಂಡರೆ ಒರೆಸಿದ ಬೆನ್ನಿಗೇ ಮತ್ತೆ ಬೆವರು. ಮೊದಲು ಸುಮ್ಮನೆ ಕೂರಬೇಕು. ಬಾಯ್ಲರ್ ನೋಡಿಕೊಳ್ಳುವವರು, ಎಲ್ಲರ ಬಾಯಲ್ಲಿ ಬಾಯ್ಲರ್ ಅಣ್ಣ, ಒಂದು ಬಕೆಟ್ಟಿನಲ್ಲಿ ಅರ್ಧ ಬಿಸಿನೀರು ತಂದು ಬಾಗಿಲ ಹೊರಗೆ ಇಟ್ಟು, "ತಗೋ ತಂಗೀ, ನಿನ್ನ ಗಂಗಾ ಜಮುನಾ" ಅಂತ ಕೂಗಿ ಹೋಗುತ್ತಾರೆ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು, ಉಸಿರು ಕೆಳಗಿಳಿಯುವುದನ್ನು ಕಾಯುತ್ತೇನೆ. ಬಕೆಟ್ಟಿನ ಹಬೆ ಎದ್ದು ಕನ್ನಡಿಯನ್ನು ಮುಚ್ಚುತ್ತದೆ. ಮಸುಕು ಗಾಜಿನ ಕಿಟಕಿಯಿಂದ ಹಾಲಿನಂಥ ಬೆಳಕು. ಆ ಹಬೆಯಲ್ಲಿ ನನಗೆ ದಿನಾ ಅಮ್ಮನ ಲಾಂಡ್ರಿ ಕಾಣುತ್ತದೆ.

ಅಮ್ಮ ಲಾಂಡ್ರಿ ಇಟ್ಟಿದ್ದಳು. ಒಂದೇ ಕೋಣೆ, ಮುಂದೆ ಇಸ್ತ್ರಿ ಮೇಜು, ಹಿಂದೆ ಹಂಡೆ, ನಡುವೆ ತಂತಿಯ ಮೇಲೆ ಊರಿನವರ ಹಾಸಿಗೆ ಬಟ್ಟೆಗಳೆಲ್ಲ ಪರದೆಗಳ ಹಾಗೆ. ನಾನು ಅವುಗಳ ನಡುವೆ ಹಾರಿಕೊಂಡೇ ಬೆಳೆದೆ, ಹಾಗಾಗಿ ಅಮ್ಮ ನನ್ನನ್ನು ಮಿಡತೆ ಅಂತಲೇ ಕರೆಯುತ್ತಿದ್ದಳು. ಒಗೆಯಲು ಬಂದ ಬಟ್ಟೆಗಳು ಕಲಸುಮೇಲೋಗರವಾಗಿ ಯಾರದು ಯಾವುದು ಅಂತ ತಿಳಿಯದೆ ಹೋದರೆ ಅಮ್ಮ ಕಾಲರಿಗೆ ಮೂಗು ಹಚ್ಚಿ, "ಇದು ಮೇಷ್ಟ್ರದು, ಇದು ಬೇಕರಿಯವನದು" ಅಂತ ಎಣಿಸಿಟ್ಟಷ್ಟು ಸಲೀಸಾಗಿ ಬೇರೆ ಮಾಡುತ್ತಿದ್ದಳು. ನನ್ನ ಮೂಗು ಅವಳಿಂದ ಬಂದ ಆಸ್ತಿ. ಸಂಜೆ ಶಾಲೆ ಮುಗಿಸಿ ನಾನು ಸೈಕಲ್ಲಿನಲ್ಲಿ ಇಸ್ತ್ರಿ ಬಟ್ಟೆ ಮನೆಮನೆಗೆ ಕೊಟ್ಟು ಬರಬೇಕು. ಬಂದಾಗ ಹೀಗೇ ತೊಯ್ದು ಹೋಗಿರುತ್ತಿದ್ದೆ. ಅಮ್ಮ ಹಂಡೆಯ ನೀರಿನಲ್ಲಿ ಟವಲ್ ಅದ್ದಿ ಹಿಂಡಿ, ನನ್ನ ಕತ್ತು ಬಗ್ಗಿಸಿ, ನೆತ್ತಿಯನ್ನೊಮ್ಮೆ ಮೂಸಿ, "ಥೂ, ಬೆವರುಗುಮ್ಮ!" ಅಂತ ಬೈದು ಒರೆಸುತ್ತಿದ್ದಳು.

ಈಗಲೂ ಅವಳು ಒರೆಸಿದ ಕ್ರಮದಲ್ಲೇ ಒರೆಸಿಕೊಳ್ಳುತ್ತೇನೆ. ಮೊದಲು ಮುಖ, ಕಿವಿಯ ಹಿಂದೆ, ಕತ್ತು. ಆಮೇಲೆ ತೋಳು, ಕಂಕುಳು. ಬೆನ್ನಿಗೆ ಟವಲ್ಲಿನ ಎರಡು ತುದಿ ಹಿಡಿದು ಓರೆಯಾಗಿ ಎಳೆಯುವುದು, ಕೊನೆಗೆ ಪಾದ. ಸೋಪು ಅಂದರೆ ಬಣ್ಣ ಹಾಕುವ ಮುಂಚಿನ, ಸುಗಂಧ ಬೆರೆಸುವ ಮುಂಚಿನ ಕಚ್ಚಾ ಸೋಪಿನ ಚೂರು. ಅದಕ್ಕೆ ಯಾವ ಜಾತಿಯ ವಾಸನೆಯೂ ಇಲ್ಲ. ಒದ್ದೆ ಬಟ್ಟೆಯಿಂದ ಕೂದಲಿನ ಬುಡ ಒತ್ತಿಕೊಂಡು, ಚೀಲದಲ್ಲಿ ಸುತ್ತಿ ತಂದ ಸುಕ್ಕಿಲ್ಲದ ಅಂಗಿ ಹಾಕಿಕೊಂಡು, ತುಳಿದು ಬಂದ ಅಂಗಿಯನ್ನು ಅಲ್ಲೇ ಹಿಂಡಿ ಬಾಯ್ಲರಿನ ಬಿಸಿ ಕೊಳವೆಗೆ ನೇತು ಹಾಕುತ್ತೇನೆ. ಸಂಜೆಗೆ ಗರಿಗರಿ.

ಮೂಗುದೊರೆ ಬಾಗಿಲಲ್ಲಿ ನನ್ನ ಕಡೆಗೆ ಬಾಗಿ, ಉಸಿರೆಳೆದು, ತಲೆಯಾಡಿಸುತ್ತಾರೆ. "ನೋಡಿ, ಹೀಗಿರಬೇಕು. ಈಯಮ್ಮ ಬಂದರೆ ಬಾಗಿಲು ತೆರೆದ ಹಾಗೆ, ಅಷ್ಟೇ." ಆ ಮಾತಿಗೆ ನಾನು ಒಳಗೊಳಗೇ ಉಬ್ಬಿ ಹೋಗುತ್ತಿದ್ದೆ.

ಸಂಜೆ ಇನ್ನೊಂದು ಸುತ್ತು ತೊಳೆತ. ಹಗಲೆಲ್ಲ ಹೀರಿಕೊಂಡ ಗುಲಾಬಿ, ಗಂಧ, ಪುದೀನವನ್ನು ಹಾಗೇ ಹೊತ್ತು ಮನೆಗೆ ಹೋದರೆ ಅಮ್ಮನಿಗೆ ಕೆಮ್ಮು ಹತ್ತುತ್ತದೆ. ಆಮೇಲೆ ಇಳಿಜಾರು. ಪೆಡಲ್ ತುಳಿಯುವುದೇ ಬೇಡ, ಕಾಲು ನಿಲ್ಲಿಸಿ ಕೂತರೆ ಸೈಕಲ್ಲು ತೇಲುತ್ತಾ ಇಳಿಯುತ್ತದೆ. ಕೆಳಗೆ ಊರಿನ ದೀಪಗಳು ಒಂದೊಂದೇ ಹೊತ್ತಿಕೊಳ್ಳುತ್ತಿರುತ್ತವೆ. ಒಂದು ಹನಿ ಬೆವರಿಲ್ಲದೆ, ಒಂದು ಎಳೆ ವಾಸನೆಯಿಲ್ಲದೆ ಮನೆ ಸೇರುತ್ತಿದ್ದೆ.

ಸೇರಿ ಏನು ಬಂತು? ಅಮ್ಮನ ಮಂಚದ ಹತ್ತಿರ ಹೋಗಿ ಕೈ ಹಿಡಿದರೆ ಅವಳು ಮೈ ಹಿಡಿ ಮಾಡಿಕೊಂಡು, "ಬನ್ನಿ ನರ್ಸಮ್ಮ, ಕೂತ್ಕೊಳ್ಳಿ" ಅನ್ನುತ್ತಿದ್ದಳು.

ಬಹುವಚನ! ಹೆತ್ತ ತಾಯಿ ನನಗೆ ಬಹುವಚನ. ಅಮ್ಮನ ಕಣ್ಣು ಹೋಗಿ ವರ್ಷಗಳಾದವು. ಕಿವಿ ಮಂದ, ಯಾರ ದನಿಯಾದರೂ ಅವಳಿಗೆ ಒಂದೇ. ನೆನಪು ಹಳೆಯ ಸ್ವೆಟರಿನ ಹಾಗೆ ಒಂದು ತುದಿಯಿಂದ ಬಿಚ್ಚಿಕೊಳ್ಳುತ್ತಾ ಬಂದಿತ್ತು. ಡಾಕ್ಟರು, "ಹೀಗೇ ಮರೆಯುತ್ತಾ ಹೋಗ್ತಾರೆ, ಬೇಜಾರು ಮಾಡ್ಕೋಬೇಡಿ" ಅಂದಿದ್ದರು. ಬೇಜಾರು ಮಾಡಿಕೊಳ್ಳಬಾರದಂತೆ. ಅವರ ತಾಯಿ ಅವರನ್ನು ಡಾಕ್ಟರೇ ಅಂತ ಕರೆದರೆ ಗೊತ್ತಾಗುತ್ತಿತ್ತು.

ಇನ್ನೂ ಹೊಟ್ಟೆ ಉರಿಸುವ ವಿಷಯ ಅಂದರೆ ಚಿಕ್ಕಮ್ಮನ ಗುರುತು ಅಮ್ಮನಿಗೆ ಚೆನ್ನಾಗಿತ್ತು. ಚಿಕ್ಕಮ್ಮ ಬಾಗಿಲಿಗೆ ಬಂದರೆ ಸಾಕು, "ಬಂದ್ಯೇನೇ ಕೋತಿ?" ಅಂತ ಕೇಳುವಳು. ಚಿಕ್ಕಮ್ಮನಿಗೆ ತಲೆನೋವಿನ ಮುಲಾಮಿನ ಹುಚ್ಚು. ನೋವಿರಲಿ ಬಿಡಲಿ, ಹಣೆಗೆ, ಕತ್ತಿಗೆ, ಮಂಡಿಗೆ ಬಳಿದುಕೊಂಡೇ ಓಡಾಡುತ್ತಾಳೆ. ನಾನು ಫ್ಯಾಕ್ಟರಿಗೆ ಹೋಗುವ ಮುಂಚೆ ಅವಳನ್ನು ಮುಟ್ಟುವುದಿಲ್ಲ. ಅಷ್ಟು ಘಾಟು. ಇಡೀ ಊರಿನಲ್ಲಿ ನನಗಿಂತ ಚುರುಕು ಮೂಗು ಇನ್ನೊಬ್ಬರಿಗಿದ್ದರೆ ತೋರಿಸಿ ಅಂತ ಮೆರೆಯುತ್ತಿದ್ದೆನಲ್ಲ, ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ.

ಆ ಹೊತ್ತಿಗೆ ಚಿಕ್ಕಮ್ಮನ ಸೊಂಟ ಕೈಕೊಟ್ಟಿತ್ತು. "ನನ್ನ ಕೈಲಿ ಅಕ್ಕನ್ನ ಎತ್ತಿ ಕೂರಿಸೋಕೆ ಆಗಲ್ಲ ಕಣೇ. ಒಂದಿನ ಇಬ್ಬರೂ ಒಟ್ಟಿಗೆ ಬೀಳ್ತೀವಿ ನೋಡು" ಅನ್ನುತ್ತಿದ್ದಳು. ನದಿಯಾಚೆ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ ಮಂಚ ಖಾಲಿಯಾಗಿದೆ ಅಂತ ಸುದ್ದಿ ಬಂತು. ಹೋಗಿ ನೋಡಿದೆ. ಚೊಕ್ಕಟವಾಗಿತ್ತು. ನೋಡಿಕೊಳ್ಳುವ ಹುಡುಗಿಯರು ನಗುನಗುತ್ತಾ ಇದ್ದರು. ಹೇಗೂ ನಾನು ಅವಳಿಗೆ ನರ್ಸು. ನಿಜವಾದ ನರ್ಸೇ ನೋಡಿಕೊಂಡರೆ ಏನು ನಷ್ಟ ಅಂತ ಅನಿಸಿತು. ಮುಂದಿನ ವಾರ ಕರೆತರುತ್ತೇನೆ ಅಂದೆ. ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ಹಾಕುವಾಗ ಒಂದೇ ಆಸೆ ಇತ್ತು. ಹೋಗುವ ಮುಂಚೆ ಒಂದು ಸಲ, ಒಂದೇ ಒಂದು ಸಲ, ಮಿಡತೆ ಅನ್ನಲಿ. ಮಂಚದ ಪಕ್ಕ ಕೂತು, "ಅಮ್ಮಾ, ನಾನು ಮಿಡತೆ" ಅಂತ ಕಿವಿಯಲ್ಲಿ ಕಿರುಚಿಯೂ ನೋಡಿದೆ. ಅವಳು ಗಾಬರಿಯಾಗಿ, "ಅವಳು ಬಟ್ಟೆ ಕೊಡೋಕೆ ಹೋಗಿದಾಳೆ, ಬರ್ತಾಳೆ" ಅಂದಳು. ನಾನು ಎದ್ದು ಹೋಗಿ ಅಡಿಗೆಮನೆಯಲ್ಲಿ ಅತ್ತೆ.

ಆ ವಾರದಲ್ಲೇ ಒಂದು ಬೆಳಿಗ್ಗೆ, ನಾನು ಆಗಷ್ಟೇ ಗುಡ್ಡ ಹತ್ತಿ ಸೈಕಲ್ ನಿಲ್ಲಿಸಿದ್ದೆ. ಬಾಯ್ಲರ್ ಅಣ್ಣ ಬಕೆಟ್ಟಿಲ್ಲದೆ ಓಡಿ ಬಂದರು. "ತಂಗೀ, ಮನೆಯಿಂದ ಫೋನು. ನಿಮ್ಮಮ್ಮ ಮಂಚದಿಂದ ಜಾರಿ ಕೆಳಗೆ ಕೂತುಬಿಟ್ಟಿದ್ದಾರಂತೆ. ನಿಮ್ಮ ಚಿಕ್ಕಮ್ಮನ ಕೈಲಿ ಎತ್ತಕ್ಕಾಗ್ತಿಲ್ಲವಂತೆ."

ಕೂರಲಿಲ್ಲ, ಒರೆಸಲಿಲ್ಲ, ಬೆನ್ನಿನ ಚೀಲವನ್ನೂ ಇಳಿಸಲಿಲ್ಲ. ಹಾಗೇ ಸೈಕಲ್ ತಿರುಗಿಸಿದೆ. ದಿನಾ ತೇಲುತ್ತಾ ಇಳಿಯುವ ರಸ್ತೆಯಲ್ಲಿ ಅವತ್ತು ಇಳಿಜಾರಿಗೂ ಪೆಡಲ್ ಹಾಕಿ ತುಳಿದೆ. ಮಂಜು ಕರಗಿ ಬಿಸಿಲು ಬಿದ್ದಿತ್ತು. ಸೇತುವೆ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲ. ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದೆ.

ಅಮ್ಮ ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಚಿಕ್ಕಮ್ಮ ಕೈ ಹಿಸುಕಿಕೊಳ್ಳುತ್ತಾ, "ಕೈ ಕಾಲು ಎಲ್ಲ ಆಡಿಸ್ತಾಳೆ, ಏನೂ ಆಗಿಲ್ಲ, ಏಳೋಕಾಗ್ತಿಲ್ಲ ಅಷ್ಟೇ" ಅಂದಳು. ನಾನು ಮಂಡಿಯೂರಿ, ಒಂದು ಕೈ ಬೆನ್ನ ಹಿಂದೆ, ಒಂದು ಕೈ ಮೊಣಕಾಲ ಕೆಳಗೆ ಹಾಕಿ ಅಮ್ಮನನ್ನು ಎತ್ತಿದೆ. ಎಷ್ಟು ಹಗುರಾಗಿದ್ದಳು! ಅವಳ ಮುಖ ನನ್ನ ಕತ್ತಿನ ಬುಡದಲ್ಲಿ ಬಂದು ನಿಂತಿತು. ಅಲ್ಲಿಂದಲೇ ಬೆವರು ಹರಿಯುತ್ತಿತ್ತು.

ಅಮ್ಮ ಉಸಿರು ಹಿಡಿದಳು. ಆಮೇಲೆ ಮೂಗು ಒತ್ತಿ ಜೋರಾಗಿ ಎಳೆದುಕೊಂಡಳು, ಹಿಂದೆ ಕಾಲರುಗಳನ್ನು ಮೂಸುತ್ತಿದ್ದ ಹಾಗೆ.

"ಮಿಡತೆ?"

ಅಮ್ಮನನ್ನು ಹಿಡಿದುಕೊಂಡೇ ಮಂಚದ ಮೇಲೆ ಕುಸಿದೆ.

"ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ?" ಅಮ್ಮ ನನ್ನ ಕಿವಿ ಹುಡುಕಿ ಹಿಂಡಿದಳು. ನಿಜಕ್ಕೂ ಹಿಂಡಿದಳು, ನೋವಾಯಿತು. "ಬಟ್ಟೆ ಕೊಟ್ಟು ಬಾ ಅಂದ್ರೆ ಊರೆಲ್ಲ ತಿರುಗ್ತೀಯಾ? ಕಾದು ಕಾದು ಸಾಕಾಯ್ತು ನನಗೆ."

"ಬಂದೆನಲ್ಲಮ್ಮ" ಅಂದೆ.

"ಥೂ, ಬೆವರುಗುಮ್ಮ. ಟವಲ್ ಎಲ್ಲೇ?" ಅಂದವಳು ತಟ್ಟನೆ ದನಿ ತಗ್ಗಿಸಿ ನನ್ನ ಕಡೆಗೆ ಬಾಗಿದಳು. "ಇಲ್ಲೊಬ್ಬಳು ನರ್ಸು ಬರ್ತಾಳೆ ಕಣೇ. ದಿನಾ ಬರ್ತಾಳೆ. ನೀರಮ್ಮ ಅಂತ ಹೆಸರಿಟ್ಟಿದೀನಿ. ಒಳ್ಳೆಯೋಳೇ, ಕೈ ಮೆತ್ತಗಿದೆ. ಆದ್ರೆ ಅವಳಿಗೆ ವಾಸನೆನೇ ಇಲ್ಲ. ಮೈಮೇಲೆ ಬಂದು ಬಗ್ಗಿದ್ರೂ ಯಾರೂ ಬಂದ ಹಾಗಿರಲ್ಲ. ನನಗೆ ಭಯ ಆಗುತ್ತೆ. ನೀನು ಇಲ್ಲೇ ಇರು."

ಬಾಗಿಲಲ್ಲಿ ನಿಂತ ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಮುಲಾಮಿನ ಘಾಟು ಕೋಣೆಯ ತುಂಬ ಹರಡಿತ್ತು. ಆಗ ನನಗೆ ಹೊಳೆಯಿತು. ಅಯ್ಯೋ ನನ್ನ ಮೂಗಿಗಿಷ್ಟು! ಅಮ್ಮ ಮರೆತಿರಲಿಲ್ಲ. ನಾನೇ ದಿನಕ್ಕೆರಡು ಸಲ ತಿಕ್ಕಿ ತಿಕ್ಕಿ, ಹಿಂಡಿ ಒಣಹಾಕಿ, ಅಮ್ಮನಿಗೆ ಗೊತ್ತಿದ್ದ ಒಬ್ಬಳನ್ನು ಬೇಸಿನ್ನಿನ ತೂತಿನಲ್ಲಿ ಹರಿಸಿ ಬರುತ್ತಿದ್ದೆ. ಸಿಟ್ಟು ಬಂತು, ಅಳು ಬಂತು, ಅಮ್ಮನ ಎದೆಗೆ ಮುಖವಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತೆ. ಅಮ್ಮ ನನ್ನ ಒದ್ದೆ ಕೂದಲಿಗೆ ಮೂಗಿಟ್ಟುಕೊಂಡು ಹಾಗೇ ನಿದ್ದೆ ಹೋದಳು.

ಮಧ್ಯಾಹ್ನ ನದಿಯಾಚೆಗೆ ಫೋನು ಮಾಡಿ, ಬರುವುದಿಲ್ಲ ಅಂದೆ. ಚಿಕ್ಕಮ್ಮ ಆಗಲೇ ಚೀಲದಿಂದ ಬಟ್ಟೆಗಳನ್ನು ತೆಗೆದು ಕಪಾಟಿಗೆ ಜೋಡಿಸುತ್ತಿದ್ದಳು. "ಬೆಳಿಗ್ಗೆ ಸಂಜೆ ನೀನು ಎತ್ತು. ನಡುವೆ ಬೇಕಾದ್ರೆ ಎದುರು ಮನೆ ದರ್ಜಿ ಇದಾನಲ್ಲ, ಗಟ್ಟಿ ಆಳು, ಕೂಗಿದ್ರೆ ಬರ್ತಾನೆ. ಅವನನ್ನ ಮೊದಲೇ ಕೇಳಬೇಕಿತ್ತು" ಅಂದಳು. "ನಿನಗೆ ಮೊದಲೇ ಹೊಳೀಲಿಲ್ವಾ ಚಿಕ್ಕಮ್ಮ?" ಅಂದರೆ, "ಮೂಸೋ ಕೆಲಸ ನಿನ್ನದು, ಯೋಚನೆ ಮಾಡೋ ಕೆಲಸನೂ ನಂದೇನಾ?" ಅಂತ ನನ್ನ ಮೇಲೇ ಎಗರಿದಳು.

ಎದ್ದ ಮೇಲೆ ಅಮ್ಮನಿಗೆ ನಾನು ಮತ್ತೆ ನರ್ಸಮ್ಮ. ಬೆವರು ಒಣಗಿತ್ತು. ಅಡಿಗೆಮನೆಗೆ ಹೋದವಳು ಅಭ್ಯಾಸಬಲದಿಂದ ಮುಖ ಕೈ ಕತ್ತು ತೊಳೆದುಕೊಂಡೂ ಬಿಟ್ಟಿದ್ದೆ.

ಇರಲಿ, ಉಪಾಯ ಸಿಕ್ಕಿತಲ್ಲ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ತುಳಿದು ಬಂದ ಅಂಗಿಯನ್ನು ಹಿಂಡಲಿಲ್ಲ. ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಂಜೆ ತೊಳೆದುಕೊಂಡ ಮೈಮೇಲೆ ಅದನ್ನೇ ಹಾಕಿಕೊಂಡು ಮನೆಗೆ ಬಂದೆ. ದೊಡ್ಡ ಸಾಧನೆ ಮಾಡಿದವಳ ಹಾಗೆ ಹೋಗಿ ಅಮ್ಮನನ್ನು ಅಪ್ಪಿಕೊಂಡೆ. ಅಮ್ಮ ಮೂಗು ಮುರಿದು ಮುಖ ಆಚೆ ತಿರುಗಿಸಿದಳು. "ಯಾರದ್ರೀ ಇದು, ಒಗೆಯೋಕೆ ಹಾಕದೆ ಕಟ್ಟಿಟ್ಟಿರೋದು? ಹಳಸಿ ಹೋಗಿದೆ. ಆಚೆ ಹಾಕಿ" ಅಂದಳು. ಚಿಕ್ಕಮ್ಮ ಅಡಿಗೆಮನೆಯಲ್ಲಿ ನಕ್ಕು ನಕ್ಕು ಸುಸ್ತಾದಳು. ನನಗೂ ನಗು ಬಂತು, ಅಂಗಿ ಬಿಚ್ಚಿ ಒಗೆಯುವ ಬಕೆಟ್ಟಿಗೆ ಹಾಕಿದೆ. ಲಾಂಡ್ರಿಯವಳಿಗೆ ಹಳಸಲು ಬೆವರು ಕೊಟ್ಟು ಮೋಸ ಮಾಡಲಾಗುವುದಿಲ್ಲ. ಬೆವರು ಆಗ ತಾನೇ ಇಳಿದದ್ದಾಗಿರಬೇಕು.

ಬೆಳಿಗ್ಗೆ ಬೇಕಾದಷ್ಟು ಬೆವರು, ಆದರೆ ಆಗ ಅಮ್ಮನಿಂದ ದೂರ ಹೋಗುತ್ತಿರುತ್ತೇನೆ. ಸಂಜೆ ಅಮ್ಮನ ಕಡೆಗೆ ಬರುತ್ತೇನೆ, ಆದರೆ ರಸ್ತೆ ಇಳಿಜಾರು. ಈ ಗುಡ್ಡವನ್ನು ಕಟ್ಟಿದವರು ಯಾರೋ ತಲೆಕೆಳಗಾಗಿ ಕಟ್ಟಿದ್ದಾರೆ ಅಂತ ಬೈದುಕೊಂಡೆ.

ಮರುದಿನ ಸಂಜೆ ಎಂದಿನಂತೆ ಗುಲಾಬಿ ಗಂಧಗಳನ್ನೆಲ್ಲ ತೊಳೆದುಕೊಂಡು, ಗರಿಗರಿ ಅಂಗಿ ಹಾಕಿಕೊಂಡು ಇಳಿದೆ. ತೇಲುತ್ತಾ ತೇಲುತ್ತಾ ಸೇತುವೆಗೆ ಬಂದೆ. ಅಲ್ಲಿ ನಿಂತೆ. ಕೆಳಗೆ ನೀರು ಕಪ್ಪಾಗುತ್ತಿತ್ತು. ಆಮೇಲೆ ಸೈಕಲ್ಲನ್ನು ತಿರುಗಿಸಿ, ಬಂದ ದಾರಿಯಲ್ಲೇ ಮೇಲಕ್ಕೆ ತುಳಿಯತೊಡಗಿದೆ.

ಸಂಜೆಯ ಹೊತ್ತು ಆ ರಸ್ತೆಯನ್ನು ನಾನು ಎಂದೂ ಹತ್ತಿರಲಿಲ್ಲ. ಗೊತ್ತಿದ್ದ ತಿರುವುಗಳೇ, ಆದರೆ ಕನಸಿನಲ್ಲಿ ಕಂಡ ತಿರುವುಗಳ ಹಾಗಿದ್ದವು. ಬೆಳಕು ಹಿಂದಿನಿಂದ ಬರುತ್ತಿತ್ತು, ನನ್ನ ನೆರಳು ನನಗಿಂತ ಮುಂದೆ ಮುಂದೆ ಹತ್ತುತ್ತಿತ್ತು. ಎರಡನೆಯ ತಿರುವಿನಲ್ಲಿ ಮಕ್ಕಳ ಸೋಪಿನ ಹಾಲುವಾಸನೆ ಬಂತು, ತೆಳ್ಳಗೆ, ಮಲಗಲು ಹೊರಟ ಹಾಗೆ. ಅದು ಮೈಗೆ ಹತ್ತುವ ಮೊದಲೇ ತಿರುಗಬೇಕು. ಕೆಳಗೆ ಬಂದು ಮತ್ತೆ ಹತ್ತಿದೆ. ಹಿಂದಿನ ಸೀಟಿನಲ್ಲಿ ಇಸ್ತ್ರಿ ಬಟ್ಟೆಯ ಗಂಟು ಇದೆ ಅಂತ ಯಾಕೋ ಅನಿಸುತ್ತಿತ್ತು, ಬೀಳದಿರಲಿ ಅಂತ ಒಂದು ಕೈ ಹಿಂದಕ್ಕೆ ಹೋಗುತ್ತಿತ್ತು. ಕಿವಿಯ ಹಿಂದೆ ಮೊದಲ ಹನಿ ಹೊರಟಾಗ ಎಷ್ಟು ಸಂತೋಷವಾಯಿತು ಅಂದರೆ, ಒಬ್ಬಳೇ ನಕ್ಕುಬಿಟ್ಟೆ.

ಬಾಯ್ಲರ್ ಅಣ್ಣ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಇಳಿಯುತ್ತಿದ್ದವರು ಬ್ರೇಕು ಹಾಕಿದರು. "ಏನು ತಂಗೀ, ಏನಾದ್ರೂ ಮರ್ತು ಬಂದ್ಯಾ?"

"ಹೂಂ ಅಣ್ಣಾ, ಬೆವರು ಮರ್ತು ಬಂದೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಳೆಯಿಂದ ಬಿಸಿನೀರು ಜಾಸ್ತಿ ಕೊಡಲೋ, ಕಮ್ಮಿ ಕೊಡಲೋ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಹೋದರು.

ಮನೆಗೆ ಬಂದಾಗ ಗಲ್ಲದಿಂದ ಹನಿ ತೊಟ್ಟಿಕ್ಕುತ್ತಿತ್ತು. ಎಲ್ಲೂ ನಿಲ್ಲದೆ, ಏನೂ ತೊಳೆಯದೆ, ಸೀದಾ ಹೋಗಿ ಮಂಚದ ಅಂಚಿಗೆ ಕೂತೆ. ಮಾತಾಡಲಿಲ್ಲ. ಅಮ್ಮ ತಲೆಯೆತ್ತಿದಳು. ಮೂಗಿನ ಹೊಳ್ಳೆಗಳು ಅರಳಿದವು.

"ಬಂದ್ಯಾ ಮಿಡತೆ?"

"ಬಂದೆನಮ್ಮ."

"ಎಲ್ಲರಿಗೂ ಕೊಟ್ಯಾ?"

"ಎಲ್ಲರಿಗೂ ಕೊಟ್ಟೆ."

"ಮೇಷ್ಟ್ರ ಮನೇಲಿ ನಾಯಿ ಕಟ್ಟಿದ್ರಾ?"

"ಕಟ್ಟಿದ್ರು." ಯಾವ ಮೇಷ್ಟ್ರು, ಯಾವ ಕಾಲದ ನಾಯಿ! ಆದರೂ ಅದರ ಬೊಗಳು ನನಗೆ ಕೇಳಿಸಿದ ಹಾಗಾಯಿತು. ಚಿಕ್ಕಮ್ಮ ಸದ್ದಿಲ್ಲದೆ ಒಂದು ಬೋಗುಣಿ ಬಿಸಿನೀರು, ಟವಲ್ ತಂದಿಟ್ಟು ಹೋದಳು. ಅಮ್ಮ ತಡವಿ ಟವಲ್ ಅದ್ದಿದಳು, ಹಿಂಡಿದಳು. ಆ ಬೆರಳುಗಳಿಗೆ ಹಿಂಡುವುದು ಮಾತ್ರ ಮರೆತಿರಲಿಲ್ಲ, ಒಂದು ಹನಿ ಉಳಿಯದ ಹಾಗೆ ಹಿಂಡಿದಳು. "ಬಗ್ಗು" ಅಂದಳು. ಬಗ್ಗಿದೆ. ನೆತ್ತಿ ಮೂಸಿದಳು. "ಥೂ, ಬೆವರುಗುಮ್ಮ" ಅಂದಳು.

ಮೊದಲು ಮುಖ. ಕಿವಿಯ ಹಿಂದೆ. ಕತ್ತು. ಹಬೆ ನಮ್ಮಿಬ್ಬರ ನಡುವೆ ಎದ್ದು ಕೋಣೆ ಮಸುಕಾಯಿತು. ತಂತಿಯ ಮೇಲಿನ ಬಟ್ಟೆಗಳು ಅಲ್ಲೇ ಎಲ್ಲೋ ಅಲುಗಾಡುತ್ತಿದ್ದವು. ನಾನು ಕಣ್ಣು ಮುಚ್ಚಿದೆ. ಅಮ್ಮ ಏನೇನೋ ಹೇಳುತ್ತಾ ಒರೆಸುತ್ತಿದ್ದಳು. ಶಾಲೆಗೆ ಹೊಸ ಚೀಲ ತರುವ ಮಾತು, ಬೇಕರಿಯವನ ಅಂಗಿಗೆ ಎಷ್ಟು ತಿಕ್ಕಿದರೂ ಹೋಗದ ಬೆಣ್ಣೆಯ ಮಾತು. ತೋಳಿಗೆ ಬಂದಳು. ಟವಲ್ ಮತ್ತೆ ಅದ್ದಿದಳು, ಹಿಂಡಿದಳು. ಮಾತು ನಿಧಾನವಾಯಿತು. ನಡುನಡುವೆ ಕೈ ನಿಂತು ನಿಂತು ಮುಂದೆ ಹೋಯಿತು. ಆಗ ನನಗೆ ಗೊತ್ತಾಯಿತು. ಅವಳು ಒರೆಸಿದಷ್ಟೂ ನಾನು ಅಳಿಸಿ ಹೋಗುತ್ತಿದ್ದೆ.

ಕೈ ಹಿಡಿದು ನಿಲ್ಲಿಸಬಹುದಿತ್ತು. ಸಾಕಮ್ಮ ಅನ್ನಬಹುದಿತ್ತು. ಅನ್ನಲಿಲ್ಲ. ಇನ್ನೊಂದು ತೋಳನ್ನೂ ನಾನೇ ಮುಂದೆ ಚಾಚಿದೆ. ಅಷ್ಟು ವರ್ಷಗಳ ಮೇಲೆ ಅಮ್ಮ ಒರೆಸುತ್ತಿದ್ದಾಳೆ, ಪೂರ್ತಿ ಒರೆಸಲಿ ಅನಿಸಿತು.

ಮೊಣಕೈಯ ಮಡಿಕೆಯನ್ನು ಒರೆಸಿ ಮುಗಿಸಿ, ಟವಲನ್ನು ಹಿಂಡಿ, ನೀಟಾಗಿ ನಾಲ್ಕು ಮಡಿಕೆ ಮಾಡಿ ಅಮ್ಮ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನನ್ನ ಕೈ ಅವಳ ಕೈಗೆ ತಾಗಿದ್ದೇ, ಮೈ ಹಿಡಿ ಮಾಡಿಕೊಂಡು ಸರಿದು ಕೂತಳು.

"ಓ, ನರ್ಸಮ್ಮನಾ? ಯಾವಾಗ ಬಂದ್ರಿ?"

"ಈಗ ತಾನೇ."

ಅಮ್ಮನ ಮುಖದಲ್ಲಿ ಇನ್ನೂ ನಗು ಇತ್ತು. ಅಂಥ ನಗು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. "ಅಯ್ಯೋ, ಸ್ವಲ್ಪ ಮುಂಚೆ ಬರಬಾರದಿತ್ತಾ? ನನ್ನ ಮಗಳು ಬಂದಿದ್ಲು. ಈಗಷ್ಟೇ ಎದ್ದು ಹೋದ್ಲು. ನೀವು ನೋಡಬಹುದಿತ್ತು."

"ಹೌದಾ? ನನಗೆ ಸಿಗಲೇ ಇಲ್ಲ" ಅಂದೆ.

"ನಾಳೆ ಸಂಜೆ ಮತ್ತೆ ಬರ್ತಾಳೆ" ಅಂದಳು ಅಮ್ಮ.

"ಬರ್ತಾಳೆ" ಅಂದೆ.